ಕೇಸಿದ್ದವನಿಗೆ ಕೆಲಸ



ದೀಪಾವಳಿ ಪಾಡ್ಯದ ರಾತ್ರಿ ನಮ್ಮ ಧಾರವಾಡ ಸೀಮೆಯಲ್ಲಿ ಇಸ್ಪೀಟು ಬಿಚ್ಚದ ಓಣಿ ಸಿಗುವುದು ಕಷ್ಟ. ಗುಡಿಯ ಕಟ್ಟೆಯ ಮೇಲೆ, ಲೈಟಿನ ಕಂಬದ ಕೆಳಗೆ ತಾಡಪತ್ರಿ ಹಾಸಿ ಅಂದರ್-ಬಾಹರ್ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಆಡುವವರೂ ಅಲ್ಲಿರುತ್ತಾರೆ, ದಿನಾ ಆಡುವವರೂ ಇರುತ್ತಾರೆ. ಪೊಲೀಸರು ಬಂದರೆ ಯಾವ ಸಂದಿಯಲ್ಲಿ ಓಡಬೇಕೆಂಬುದು ದಿನಾ ಆಡುವವರಿಗೆ ಗೊತ್ತು. ಸಿಕ್ಕಿಬೀಳುವವರು ಹಬ್ಬಕ್ಕೆಂದು ಊರಿಗೆ ಬಂದ ಕಾಲೇಜು ಹುಡುಗರು. ಎಲೆ, ಕಣದಲ್ಲಿದ್ದ ದುಡ್ಡು ಜಪ್ತಿಯಾಗುತ್ತವೆ, ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸಾಗುತ್ತದೆ. ಮುಂದೆ ಕೋರ್ಟಿನ ವರಾಂಡದಲ್ಲಿ ಯಾರೋ ಒಬ್ಬರು ಬುದ್ಧಿ ಹೇಳುತ್ತಾರೆ: "ತಪ್ಪಾತು ಅಂತ ಒಪ್ಕೊಂಡು ದಂಡ ಕಟ್ಟಿಬಿಡೋ ತಮ್ಮಾ. ಒಂದ ತಾಸಿನ ಕೆಲಸ. ಇಲ್ಲಾಂದ್ರ ವರ್ಷಗಟ್ಟಲೆ ತಾರೀಖಿಗೆ ಅಡ್ಡಾಡ್ತಿ ನೋಡು." ಹುಡುಗ ಒಪ್ಪಿಕೊಳ್ಳುತ್ತಾನೆ, ದಂಡ ಕಟ್ಟುತ್ತಾನೆ, ಬಸ್ಸು ಹಿಡಿದು ಮನೆಗೆ ಹೋಗಿ ಊಟ ಮಾಡುತ್ತಾನೆ. ಅವನ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಿತು.

ಕಾನೂನಿನ ಲೆಕ್ಕ ಬೇರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅಪರಾಧ ಸಾಬೀತಾಗಿ ಶಿಕ್ಷೆಯಾದ ಹಾಗೆಯೇ. ನಾಲ್ಕಾರು ವರ್ಷ ಕಳೆಯುತ್ತದೆ. ಸರ್ಕಾರಿ ನೌಕರಿಯ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ, ಮನೆಯವರು ಓಣಿಗೆಲ್ಲ ಪೇಡೆ ಹಂಚುತ್ತಾರೆ. ಆಮೇಲೆ ಪೊಲೀಸ್ ಪರಿಶೀಲನೆಗೆಂದು ಒಂದು ನಮೂನೆ ಕೈಗೆ ಬರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ, ಯಾವುದಾದರೂ ನ್ಯಾಯಾಲಯ ನಿಮಗೆ ದಂಡ ಅಥವಾ ಶಿಕ್ಷೆ ವಿಧಿಸಿದೆಯೇ ಎಂದು ಅದರಲ್ಲಿ ಕೇಳಿರುತ್ತಾರೆ. ಹುಡುಗ ಮೂರಕ್ಕೂ "ಇಲ್ಲ" ಎಂದು ಬರೆಯುತ್ತಾನೆ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಹಬ್ಬದ ಇಸ್ಪೀಟು ಆ ಪ್ರಶ್ನೆಯೊಳಗೆ ಬರುತ್ತದೆಂದು ಅವನಿಗೆ ಹೊಳೆದೇ ಇಲ್ಲ. ಠಾಣೆಯ ಕಡತದಲ್ಲಿ ಮಾತ್ರ ಅವನ ಹೆಸರು, ತಂದೆಯ ಹೆಸರು, ಗುನ್ಹೆ ನಂಬರು ಎಲ್ಲವೂ ಭದ್ರವಾಗಿರುತ್ತವೆ.

ನಾನು ವೃತ್ತಿಯಿಂದ ವಕೀಲ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ಮೇಜಿಗೆ ಇಂಥ ಹುಡುಗರು ಅಪ್ಪಂದಿರ ಜೊತೆ ಬರುತ್ತಾರೆ. ಅಪ್ಪ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಡುತ್ತಾನೆ. "ನೋಡ್ರಿ ಸಾಹೇಬ್ರ, ಅವತ್ತ ದಂಡ ಕಟ್ಟೇವ್ರಿ. ರಸೀದಿ ಐತ್ರಿ. ಬಾಕಿ ಏನೂ ಇಟ್ಟಿಲ್ರಿ." ಮಗ ತಪ್ಪಿತಸ್ಥನಲ್ಲ ಎಂಬುದಕ್ಕೆ ಅವನು ಇಷ್ಟು ಜೋಪಾನವಾಗಿ ಕಾದಿಟ್ಟ ಕಾಗದವೇ ಮಗ ತಪ್ಪಿತಸ್ಥ ಎಂಬುದಕ್ಕೆ ಇರುವ ದಾಖಲೆ. ಅದನ್ನು ಅವನಿಗೆ ಬಿಡಿಸಿ ಹೇಳುವುದು ನನ್ನ ಕೆಲಸದಲ್ಲೇ ಬೇಸರದ ಭಾಗ.

ಇದು ನಮ್ಮ ಕಡೆಯ ಗೋಳು ಮಾತ್ರ ಅಂದುಕೊಳ್ಳಬೇಡಿ. ಹರಿಯಾಣದಲ್ಲಿ ಒಬ್ಬ ಬಡ ನಾಲ್ಕನೇ ದರ್ಜೆ ನೌಕರನಿದ್ದ. ಸಾರ್ವಜನಿಕ ಸ್ಥಳದ ಅಶ್ಲೀಲ ವರ್ತನೆಯ ಕಲಮಿನಲ್ಲಿ ಅವನಿಗೆ ಹಿಂದೆ 20 ರೂಪಾಯಿ ದಂಡ ಬಿದ್ದಿತ್ತು. ಆ 20 ರೂಪಾಯಿಗೆ ನೌಕರಿ ಹೋಯಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಮಾನವಾಯಿತು. ಇಷ್ಟು ಮಾತ್ರಕ್ಕೆ ಇದನ್ನು ನೈತಿಕ ಅಧಃಪತನ, ಅಂದರೆ ನಡತೆಗೇ ಕಳಂಕ ತರುವ ನೀತಿಗೆಟ್ಟ ಕೃತ್ಯ, ಎನ್ನಲಾಗದು ಎಂದು ನ್ಯಾಯಾಲಯ ಅವನ ಪರವಾಗಿ ನಿಂತಿತು. ಅಷ್ಟಕ್ಕೇ ಬಿಡದೆ, 2,000 ರೂಪಾಯಿವರೆಗಿನ ದಂಡದಲ್ಲಿ ಮುಗಿಯುವ ಸಣ್ಣ ಪ್ರಕರಣಗಳನ್ನು ಸರ್ಕಾರಿ ನೌಕರಿಯ ಮಟ್ಟಿಗೆ ಶಿಕ್ಷೆಯೆಂದು ಎಣಿಸದಂತೆ ಸಂಸತ್ತು ಕಾನೂನು ಮಾಡಬೇಕೆಂದು ಹೇಳಿತು. ಹೇಳಿ ಕಾಲು ಶತಮಾನಕ್ಕೂ ಮೇಲಾಯಿತು. ಅಂಥ ಸಾಮಾನ್ಯ ಕಾನೂನು ಇನ್ನೂ ಬಂದಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಶಿಕ್ಷೆ ಯಾವಾಗ ಮುಗಿಯುತ್ತದೆಂದು ನಮ್ಮ ಕಾನೂನು ತಾರೀಖು ಹಾಕಿ ಹೇಳುತ್ತದೆ. ಶಿಕ್ಷೆಯ ದಾಖಲೆ ಯಾವಾಗ ಮುಗಿಯುತ್ತದೆಂದು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆಂದೇ 1974ರಲ್ಲಿ ಒಂದು ಕಾಯ್ದೆ ತಂದರು. ಶಿಕ್ಷೆ ಎಷ್ಟು ದೊಡ್ಡದೋ ಅದಕ್ಕೆ ತಕ್ಕಷ್ಟು ಕಾಲ ಕಳೆದ ಮೇಲೆ ಹೆಚ್ಚಿನ ಕೆಲಸಗಳಿಗೆ ಆ ಹಳೆಯ ಕಥೆ ಹೇಳಬೇಕಾಗಿಲ್ಲ. ನಮಗೆ ಬ್ರಿಟಿಷರ ಪೊಲೀಸ್ ವ್ಯವಸ್ಥೆ ಬಂತು, ಜೈಲು ಬಂತು, ಆ ಕಾಯ್ದೆ ಮಾತ್ರ ಬರಲಿಲ್ಲ.

ಹಾಗಂತ ತಾರೀಖು ಹಾಕುವುದು ನಮ್ಮ ಶಾಸನ ಮಾಡುವವರಿಗೆ ಬರುವುದೇ ಇಲ್ಲ ಅನ್ನುವ ಹಾಗೂ ಇಲ್ಲ. ಜನಪ್ರತಿನಿಧಿ ಕಾಯ್ದೆ ನೋಡಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸಜೆಯಾದವನು ಶಿಕ್ಷೆಯ ಕಾಲಕ್ಕೆ ಮತ್ತು ಬಿಡುಗಡೆಯಾಗಿ ಆರು ವರ್ಷದವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ. ಏಳನೇ ವರ್ಷ ಅವನು ನಾಮಪತ್ರ ಸಲ್ಲಿಸಬಹುದು, ಗೆದ್ದರೆ ಮಂತ್ರಿಯೂ ಆಗಬಹುದು. ಕೇಸು ಇನ್ನೂ ನಡೆಯುತ್ತಿದ್ದರಂತೂ ಪ್ರಮಾಣಪತ್ರದಲ್ಲಿ ಪಟ್ಟಿ ಬರೆದು ಕೊಟ್ಟರೆ ಸಾಕು. ಈಗ ಬ್ಯಾಂಕಿನ ಬಾಗಿಲಿಗೆ ಬನ್ನಿ. ನೈತಿಕ ಅಧಃಪತನದ ಅಪರಾಧ ಸಾಬೀತಾದವನನ್ನು ಯಾವ ಬ್ಯಾಂಕೂ ಕೆಲಸಕ್ಕಿಟ್ಟುಕೊಳ್ಳಬಾರದೆಂದು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಹೇಳುತ್ತದೆ. ಎಷ್ಟು ವರ್ಷದವರೆಗೆ? ಅದು ಹೇಳಿಲ್ಲ. ಬ್ಯಾಂಕಿನ ಹೊರಗೆ ಕೋವಿ ಹಿಡಿದು ನಿಲ್ಲುವ ಕಾವಲುಗಾರನಿಗೂ ಅದೇ ಗತಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ನ್ಯಾಯಾಲಯದಲ್ಲಿ ಶಿಕ್ಷೆಯಾದವನು ಸೆಕ್ಯುರಿಟಿ ಗಾರ್ಡ್ ಆಗುವಂತಿಲ್ಲ. ಹಳ್ಳಿಯಿಂದ ಬೆಂಗಳೂರಿಗೆ ಹೋದ ಓದು ಕಡಿಮೆಯಾದ ಗಂಡಸಿಗೆ ಮೊದಲು ಸಿಗುವ ಕೆಲಸವೇ ಅದು. ಶಾಸಕನಿಗೆ ಆರು ವರ್ಷ, ಗೇಟು ಕಾಯುವವನಿಗೆ ಆಯುಷ್ಯಪೂರ್ತಿ. ಇದನ್ನು ಬರೆದವರು ಯಾವ ಕಡೆ ಕೂತಿದ್ದರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ಶಿಕ್ಷೆಯಾದವರ ಮಾತಾಯಿತು. ಶಿಕ್ಷೆಯೇ ಆಗದವರ ಪಾಡು ಇದಕ್ಕಿಂತ ವಾಸಿಯೇನಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವಾಗದವರು. ನಾಲ್ವರಲ್ಲಿ ಮೂವರು. ಇವರಲ್ಲಿ ಎಷ್ಟೋ ಮಂದಿ ಮುಂದೆ ನಿರ್ದೋಷಿಗಳೆಂದು ಬಿಡುಗಡೆಯಾಗುತ್ತಾರೆ. ಊರಿನ ಬಾಯಲ್ಲಿ ಮಾತ್ರ ಅಂಥವನು "ಒಳಗ ಹೋಗಿ ಬಂದಾಂವ". ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದವನ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿರುತ್ತಾರೆ. ತೀರ್ಪಿನ ನಕಲು ಓದಿ ನೋಡುವ ಸಹನೆ ಯಾರಿಗೂ ಇರುವುದಿಲ್ಲ.

ಇನ್ನು ರೌಡಿ ಪಟ್ಟಿ. ಪೊಲೀಸ್ ಕೈಪಿಡಿಯ ಆದೇಶದಂತೆ ಠಾಣೆಯಲ್ಲಿ ತೆರೆಯುವ ಈ ಹಾಳೆಗೆ ಶಿಕ್ಷೆಯಾಗಿರಬೇಕೆಂಬ ಷರತ್ತಿಲ್ಲ. ಚುನಾವಣೆ, ಗಣೇಶನ ಹಬ್ಬ ಹತ್ತಿರ ಬಂದರೆ ಠಾಣೆಯಿಂದ ಕರೆ ಬರುತ್ತದೆ, ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಪೇಪರಿನವರು ಫೋಟೋ ತೆಗೆಯುತ್ತಾರೆ. ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ದುಡಿಯುವವನಿಗೆ ಅವತ್ತಿನ ಪಗಾರ ಹೋಗುವುದು ಸಣ್ಣ ಮಾತು. ಮಾಲೀಕನ ಕಣ್ಣಿಗೆ ಆ ಫೋಟೋ ಬೀಳುವುದು ದೊಡ್ಡದು. ಹಾಳೆ ತೆರೆಯುವ ಮೊದಲು ಆ ಮನುಷ್ಯನಿಗೆ ತಿಳಿಸಿ ಅವನ ಮಾತು ಕೇಳಬೇಕೆಂದು ನಮ್ಮ ಹೈಕೋರ್ಟ್ 2022ರಲ್ಲಿ ಹೇಳಿದೆ. ಸುಮ್ಮನೆ ಉಳಿದುಹೋದ ಹಾಳೆ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಮುಚ್ಚಿಸಲು ಅರ್ಜಿ ಕೊಡಿ. ಬಹಳ ಜನಕ್ಕೆ ಅರ್ಜಿ ಕೊಡಬಹುದೆಂಬುದೇ ತಿಳಿದಿಲ್ಲ.

ಈಗ ನಮೂನೆ ತುಂಬುವ ಮಾತಿಗೆ ಬರುತ್ತೇನೆ. ಮೇಜಿನ ಎದುರು ಕೂತವರು ಮೊದಲು ಕೇಳುವುದೇ ಇದನ್ನು: "ಇಲ್ಲ ಅಂತ ಬರದ್ರ ನಡೀತದೇನ್ರಿ?" ನಡೆಯುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇದರ ಬಗ್ಗೆ ಹರಡಿಕೊಂಡಿದ್ದ ಹಳೆಯ ತೀರ್ಪುಗಳನ್ನೆಲ್ಲ ಜೋಡಿಸಿ ಒಂದು ದಾರಿ ಹಾಕಿಕೊಟ್ಟಿತು. ಬಂಧನ, ಮೊಕದ್ದಮೆ, ಶಿಕ್ಷೆಯ ಬಗ್ಗೆ ಕೇಳಿದರೆ ನಿಜ ಹೇಳಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಆ ಮುಚ್ಚಿಟ್ಟದ್ದೇ ಕೆಲಸ ಕಳೆಯಬಹುದು, ಮೂಲ ಅಪರಾಧ ಎಷ್ಟೇ ಹಗುರವಾಗಿರಲಿ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ಮಾಲೀಕ ಅಥವಾ ಇಲಾಖೆ ಅದನ್ನು ಮನ್ನಿಸಲೂಬಹುದು. ಇದೇ ತೀರ್ಪಿನಲ್ಲಿ ಅಭ್ಯರ್ಥಿಗೆ ಉಪಯೋಗವಾಗುವ ಇನ್ನೊಂದು ಮಾತಿದೆ: ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದ ಸಂಗತಿಯನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ಆದ್ದರಿಂದ ಪ್ರಶ್ನೆಯನ್ನು ಎರಡು ಸಲ ಓದಿ. ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳಿದ್ದರೆ ಖುಲಾಸೆಯಾದ ಕೇಸಿನ ಪುರಾಣ ಬೇಡ. ಮೊಕದ್ದಮೆ ಇತ್ತೇ ಎಂದು ಕೇಳಿದ್ದರೆ ಖುಲಾಸೆಯಾಗಿದ್ದರೂ ಬರೆಯಿರಿ.

ಅದಕ್ಕೂ ಐದು ವರ್ಷ ಹಿಂದೆ, 2011ರಲ್ಲಿ, ದೆಹಲಿ ಪೊಲೀಸ್ ಇಲಾಖೆಗೆ ಹೆಡ್ ಕಾನ್‌ಸ್ಟೇಬಲ್ ಆಗಲು ಅರ್ಜಿ ಹಾಕಿದ್ದ ಒಬ್ಬ ಯುವಕನ ಪ್ರಕರಣ ಅದೇ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಹೊಡೆದಾಟದ ಕೇಸೊಂದು ರಾಜಿಯಾಗಿ ಬಿಡುಗಡೆಯಾಗಿದ್ದುದನ್ನು ಅವನು ಅರ್ಜಿಯಲ್ಲಿ ಬರೆದಿರಲಿಲ್ಲ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠ ಅವನ ಕೈಬಿಡಲಿಲ್ಲ. ಹುಡುಗು ಬುದ್ಧಿಯ ತಪ್ಪಿಗೆ ಜೀವನವಿಡೀ ಅಪರಾಧಿಯ ಹಣೆಪಟ್ಟಿ ಹಚ್ಚುವುದು ಸರಿಯಲ್ಲವೆಂದಿತು. ರೊಟ್ಟಿ ಕದ್ದು ಜೈಲು ಸೇರಿದ ವಿಕ್ಟರ್ ಹ್ಯೂಗೋನ ಕಾದಂಬರಿಯ ನಾಯಕ ಜಾನ್ ವಾಲ್‌ಜಾನ್‌ನನ್ನು ಆ ತೀರ್ಪಿನಲ್ಲಿ ನೆನೆದಿದ್ದಾರೆ. ಓದಲು ಚೆನ್ನಾಗಿದೆ. ಆದರೆ ಅದನ್ನು ನಂಬಿ "ಇಲ್ಲ" ಎಂದು ಬರೆಯಬೇಡಿ. ಕೋರ್ಟಿನ ಕರುಣೆ ಸಿಗುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಆ ಯುವಕ ಅರ್ಜಿ ಹಾಕಿದ್ದು 1999ರಲ್ಲಿ.

ಇದಕ್ಕಿಂತ ಒಳ್ಳೆಯ ದಾರಿ ಕೇಸಿನ ಮೊದಲ ದಿನಗಳಲ್ಲೇ ಇರುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ನಾವು ಕೋರ್ಟಿನಲ್ಲಿ ಪ್ರೊಬೇಷನ್ ಕಾಯ್ದೆ ಅನ್ನುವುದು, ಇದಕ್ಕಾಗಿಯೇ ಇದೆ. ಹಿಂದೆ ಶಿಕ್ಷೆಯಾಗದವನ ಸಣ್ಣ ಅಪರಾಧವಾದರೆ ನ್ಯಾಯಾಧೀಶರು ದಂಡವನ್ನೂ ಹಾಕದೆ ಬುದ್ಧಿ ಹೇಳಿ ಬಿಡಬಹುದು. ಇಲ್ಲವೇ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟವನಿಗೆ ಶಿಕ್ಷೆಯ ಕಾರಣದಿಂದ ಬರುವ ಅನರ್ಹತೆ ಅಂಟುವುದಿಲ್ಲವೆಂದು ಅದರ 12ನೇ ಕಲಮು ಹೇಳುತ್ತದೆ. ಆಗಲೇ ನೌಕರಿಯಲ್ಲಿರುವವನ ಮೇಲೆ ಇಲಾಖೆ ನಡತೆಯ ಕಾರಣ ಕೊಟ್ಟು ಕ್ರಮ ಜರುಗಿಸಬಹುದು, ಆ ಬಾಗಿಲು ತೆರೆದೇ ಇದೆ. ಆದರೂ ಹೊಸದಾಗಿ ಕೆಲಸ ಹುಡುಕುವವನಿಗೆ ಇದು ದೊಡ್ಡ ಆಸರೆ. ಕೋರ್ಟಿನ ವರಾಂಡದಲ್ಲಿ ಬುದ್ಧಿ ಹೇಳಿದರಲ್ಲ, ಅವರು ಹೇಳಬೇಕಾಗಿದ್ದುದು ಇದನ್ನು. ದಂಡ ಕಟ್ಟುವ ಮೊದಲು ಪ್ರೊಬೇಷನ್ ಕೇಳು ಎಂದು. ನಮ್ಮ ವಕೀಲ ಬಾಂಧವರೂ ಒಂದು ತಾಸಿನ ಕೆಲಸವೆಂದು ಇದನ್ನು ಬಿಟ್ಟುಬಿಡುತ್ತಾರೆ. ಈ ಮಾತಿಗೆ ನಾಳೆ ಬಾರ್ ರೂಮಿನಲ್ಲಿ ನನಗೆ ಚಹಾ ಸಿಗಲಿಕ್ಕಿಲ್ಲ, ಇರಲಿ.

ಹದಿನೆಂಟು ತುಂಬುವ ಮೊದಲು ಆದ ಪ್ರಕರಣವಾದರೆ ಕಾನೂನು ಇನ್ನೂ ಮೆತ್ತಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಅಂಥ ಮಗುವಿಗೆ ಯಾವ ಅನರ್ಹತೆಯೂ ಇಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನು ನಾಶ ಮಾಡಬೇಕು. ಹದಿನಾರು ದಾಟಿ ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆಯಾದವರು ಮಾತ್ರ ಇದರ ಹೊರಗೆ.

ಕರಾವಳಿಯ ಕೇಳುಗರಿಗೆ ಒಂದು ಮಾತು. ಗಲ್ಫಿಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕಲ್ಲ. ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ ಐದು ವರ್ಷದವರೆಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೇಸು ನಡೆಯುತ್ತಿದ್ದರೆ ಅದೇ ಕೋರ್ಟಿನಲ್ಲಿ ಅನುಮತಿ ಕೇಳಬೇಕು, ಸಾಮಾನ್ಯವಾಗಿ ಕೊಡುತ್ತಾರೆ. ಏಜೆಂಟರಿಗೆ ದುಡ್ಡು ಕೊಟ್ಟು ಅಡ್ಡದಾರಿ ಹಿಡಿಯುವ ಅಗತ್ಯವಿಲ್ಲ.

ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಬಡಾವಣೆಯಿದೆ. ಅಲ್ಲಿ ಹುಟ್ಟಿದವರಿಗೆ ನಾನು ಈ ಭಾಷಣ ಮಾಡುವ ಅಗತ್ಯವೇ ಇಲ್ಲ, ದಾಖಲೆ ಬೆನ್ನು ಹತ್ತುವುದೆಂದರೆ ಏನೆಂದು ಅವರ ಅಜ್ಜಂದಿರಿಗೇ ಗೊತ್ತಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮುಂದೆ ಮುಂಬೈ ಪ್ರಾಂತದಲ್ಲಿ ಗಂಟಿಚೋರರು, ಹರಿಣಶಿಕಾರಿಗಳು, ಕೊರಮರು ಹೀಗೆ ಹಲವು ಸಮುದಾಯಗಳನ್ನು ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿ ಬೇಲಿಯೊಳಗೆ ಕೂಡಿಹಾಕಿದರು. ಬೆಳಗು ಬೈಗು ಹಾಜರಿ, ಊರು ಬಿಡಲು ಚೀಟಿ. ಹುಬ್ಬಳ್ಳಿಯ ಸೆಟ್ಲ್‌ಮೆಂಟಿನವರನ್ನು ನೂಲಿನ ಗಿರಣಿಗೆ, ರೈಲ್ವೆ ವರ್ಕ್‌ಶಾಪಿಗೆ ಕೆಲಸಕ್ಕೆ ಕಳಿಸುತ್ತಿದ್ದರು. ಕಳ್ಳರೆಂದು ಹೆಸರಿಟ್ಟವರೇ ಗಿರಣಿಗೆ ಕೈಗಳು ಬೇಕಾದಾಗ ಕೆಲಸ ಕೊಟ್ಟರು, ದುಡಿದವರು ಚೆನ್ನಾಗಿಯೇ ದುಡಿದರು. 1952ರಲ್ಲಿ ಆ ಕಾಯ್ದೆ ಹೋಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ಕೆಲವು ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳೂ ಉಳಿದವು. ಅಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ. ಇವತ್ತಿಗೂ ಆ ಬಡಾವಣೆಯ ವಿಳಾಸ ಬರೆದುಕೊಟ್ಟರೆ ಸಂದರ್ಶನದಲ್ಲಿ ಎದುರಿನವರ ಮುಖ ಬದಲಾಗುತ್ತದೆಂದು ಓದಿದ ಹುಡುಗರು ಹೇಳುತ್ತಾರೆ. ಕೇಸೇ ಇಲ್ಲದವರ ಮೇಲೂ ದಾಖಲೆ ಹೀಗೆ ಕೂತುಬಿಡುತ್ತದೆ.

ಹಳೆಯ ಕಾಲದಲ್ಲಿ ಊರು ಬಿಟ್ಟರೆ ಹೆಸರೂ ಬಿಟ್ಟುಹೋಗುತ್ತಿತ್ತು. ಈಗ ಆ ದಾರಿಯೂ ಮುಚ್ಚಿದೆ. ಕೋರ್ಟುಗಳ ಜಾಲತಾಣದಲ್ಲಿ ಹೆಸರು ಹಾಕಿದರೆ ಕೇಸಿನ ಪಟ್ಟಿ ಬರುತ್ತದೆ, ಕಂಪನಿಗಳಿಗೆ ಹಿನ್ನೆಲೆ ಹುಡುಕಿಕೊಡುವ ಸಂಸ್ಥೆಗಳು ಅದನ್ನೇ ನೋಡುತ್ತವೆ. ಭಾರತ ಮೂಲದ ಅಮೆರಿಕದ ಪ್ರಜೆಯೊಬ್ಬನ ಮೇಲೆ ಇಲ್ಲಿ ಮಾದಕ ವಸ್ತುವಿನ ಕೇಸಾಗಿ ನಿರ್ದೋಷಿ ಎಂದು ಬಿಡುಗಡೆಯಾಗಿತ್ತು. ಅಮೆರಿಕದಲ್ಲಿ ಕಾನೂನು ಓದಿ ಕೆಲಸಕ್ಕೆ ಅರ್ಜಿ ಹಾಕಿದರೆ ಗೂಗಲ್‌ನಲ್ಲಿ ಆ ತೀರ್ಪೇ ಮೊದಲು ಸಿಗುತ್ತಿತ್ತು. ಬಿಡುಗಡೆ ಮಾಡಿದ ತೀರ್ಪೇ ಅವನಿಗೆ ಮುಳುವಾಯಿತು. 2021ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಹುಡುಕಾಟದಲ್ಲಿ ಸಿಗದಂತೆ ಮಾಡಲು ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ಹೈಕೋರ್ಟ್ 2017ರಲ್ಲೇ ಒಬ್ಬ ಹೆಣ್ಣುಮಗಳ ಹೆಸರನ್ನು ಮರೆಮಾಡಲು ಒಪ್ಪಿತ್ತು. ಎಲ್ಲರಿಗೂ ಅನ್ವಯಿಸುವ ಕಾನೂನು ಮಾತ್ರ ಇನ್ನೂ ಆಗಿಲ್ಲ. ಹೆಸರು ಒಂದೇ ಆದ ಬಸಪ್ಪ, ಮಂಜುನಾಥರ ಪಾಡು ಏನೆಂದು ನೀವೇ ಯೋಚಿಸಿ.

ಇನ್ನು ಜೈಲಿನಿಂದ ಹೊರಬಂದ ದಿನದ ಕಥೆ. ಹಿಂಡಲಗಾ ಜೈಲಿನಲ್ಲಿ ಏಳು ವರ್ಷ ಇದ್ದು ಬಂದ ಒಬ್ಬನ ಕಾಗದಪತ್ರ ನಾನು ನೋಡಿದ್ದೆ. ಒಳಗೆ ವೆಲ್ಡಿಂಗ್ ಕಲಿತಿದ್ದ. ಕೈಯಲ್ಲಿ ಬಿಡುಗಡೆಯ ಚೀಟಿ, ಒಂದು ಪ್ರಮಾಣಪತ್ರ, ಹಳೆಯ ಆಧಾರ್ ಕಾರ್ಡು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಎಂದೋ ಬೇರೆಯವರ ಪಾಲಾಗಿದೆ, ಒಟಿಪಿ ಅವರಿಗೆ ಹೋಗುತ್ತದೆ. ಎರಡು ವರ್ಷ ವ್ಯವಹಾರ ನಡೆಯದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದೆ, ಅದನ್ನು ಎಬ್ಬಿಸಲು ವಿಳಾಸದ ಪುರಾವೆ ಬೇಕು, ವಿಳಾಸದ ಮನೆಯಲ್ಲಿ ಅಣ್ಣ ಒಳಗೆ ಬಿಡುತ್ತಿಲ್ಲ. ಪಿಎಫ್ ಕೊಡುವ ಕಂಪನಿಗೆ ಖಾತೆ ಬೇಕೇ ಬೇಕು. ಖಾತೆ ಕೇಳದ ಕಡೆ ಕೆಲಸ ಸಿಗುತ್ತದೆ, ಆದರೆ ಆ ಕಡೆಯ ಮಾಲೀಕನಿಗೆ ಇವನ ಕಷ್ಟವೂ ಗೊತ್ತಿರುತ್ತದೆ. ಉಳಿದ ವೆಲ್ಡರ್‌ಗಳಿಗೆ ಎಂಟುನೂರು ಕೊಡುವಲ್ಲಿ ಇವನಿಗೆ ನಾನೂರು ಅಂದರು. ನಮ್ಮ ರಾಜ್ಯದ ಜೈಲುಗಳಲ್ಲಿ ಕೂಲಿ ಪರಿಷ್ಕರಣೆಯಾದ ಮೇಲೆ ತರಬೇತಿ ಹಂತದ ಖೈದಿಗೂ ದಿನಕ್ಕೆ 524 ರೂಪಾಯಿ ಇದೆ. "ಒಳಗಿದ್ದಾಗನ ಹೆಚ್ಚು ಗಳಸ್ತಿದ್ನಿರಿ" ಎಂದು ಅವನು ನಕ್ಕ. ಆ ನಗೆಗೆ ನಾನು ಏನೂ ಹೇಳಲಿಲ್ಲ.

ಕಡೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಶೆಡ್ಡಿನ ಮಾಲೀಕರು ಅವನನ್ನು ಕರೆದರು. ನಾನು ಫೋನಿನಲ್ಲಿ ಕೇಸಿನ ವಿವರ ಹೇಳಹೊರಟರೆ ತಡೆದರು: "ಅದೆಲ್ಲಾ ಆಮ್ಯಾಲ ಹೇಳ್ರಿ ವಕೀಲ್ರ. ಮದಲ ಅಂವಗ ಒಂದು ವೆಲ್ಡಿಂಗ್ ಬೀಡು ಎಳಿಯಾಕ ಹೇಳ್ತೇನಿ, ಕೈ ನೋಡೂಣು." ಕೈ ಚೆನ್ನಾಗಿತ್ತು. ತೊಂದರೆ ಬಂದದ್ದು ಮೂರನೇ ತಿಂಗಳು. ಶೆಡ್ಡಿನ ಗ್ರೈಂಡರ್ ಒಂದು ಕಾಣೆಯಾಯಿತು, ಎಲ್ಲರ ಕಣ್ಣು ಒಬ್ಬನ ಮೇಲೆ. ಮಾಲೀಕರು ಯಾರನ್ನೂ ಕೇಳದೆ ತಾವೇ ಸೈಟುಗಳಿಗೆ ಫೋನು ಹಚ್ಚಿದರು. ಗೇಟು ಕೂಡಿಸಲು ಹೋದವರು ಕಲಘಟಗಿಯಲ್ಲಿ ಅದನ್ನು ಮರೆತು ಬಂದಿದ್ದರು. ಎಷ್ಟು ಜನ ಮಾಲೀಕರು ಹೀಗೆ ಮೊದಲು ಫೋನು ಹಚ್ಚುತ್ತಾರೆ? ಅಂಥ ಸಂಜೆಗಳಲ್ಲೇ ಬಹಳ ಜನ ಕೆಲಸ ಬಿಟ್ಟು ಹಳೆಯ ಸಂಗಾತಿಗಳ ಕಡೆ ಹೋಗುವುದು. ಹೆಂಗಸರಿಗಂತೂ ಇಷ್ಟು ದೂರ ಬರುವ ಅವಕಾಶವೂ ಇಲ್ಲ. ಜೈಲಿಗೆ ಹೋದ ಗಂಡಸಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚುವುದು ಕಡಿಮೆ, ಹೆಂಗಸಿಗೆ ತವರು, ಗಂಡನ ಮನೆ ಎರಡೂ ಮುಚ್ಚುತ್ತವೆ. ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೂ ಈಗ ಪೊಲೀಸ್ ಪರಿಶೀಲನೆ ಕೇಳುತ್ತಾರೆ.

ಸರ್ಕಾರವೇ ಮಾಲೀಕನಾದರೆ ಏನಾಗುತ್ತದೆಂಬುದಕ್ಕೆ ಬೇರೆ ರಾಜ್ಯಗಳಲ್ಲಿ ಉದಾಹರಣೆಗಳಿವೆ. ತೆಲಂಗಾಣದ ಜೈಲು ಇಲಾಖೆ ಪೆಟ್ರೋಲ್ ಬಂಕುಗಳನ್ನು ನಡೆಸುತ್ತದೆ, ಅಲ್ಲಿ ಖೈದಿಗಳ ಜೊತೆಗೆ ಬಿಡುಗಡೆಯಾದವರಿಗೂ ಕೆಲಸ ಕೊಟ್ಟಿದ್ದಾರೆ. ದಿನವಿಡೀ ರೊಕ್ಕ ಎಣಿಸುವ ಕೆಲಸ ಅದು, ಗಮನಿಸಿ. ಕೇರಳದ ಜೈಲುಗಳ ಚಪಾತಿ, ಕೋಳಿ ಸಾರು ಫ್ರೀಡಂ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ದೆಹಲಿಯ ತಿಹಾರ್ ಜೈಲಿನಲ್ಲಿ 2011ರಿಂದ ಕಾಲೇಜುಗಳಲ್ಲಿ ನಡೆಯುವಂತೆ ಕ್ಯಾಂಪಸ್ ಸಂದರ್ಶನ ನಡೆಸಿದರು. ನಮ್ಮಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಖೈದಿಗಳಿಗೆ ನಾಟಕ ಕಲಿಸಿ ಊರೂರಿನ ರಂಗಮಂದಿರಗಳಲ್ಲಿ ಆಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಗೆ ಚಪ್ಪಾಳೆ ತಟ್ಟಿದವರಲ್ಲಿ ಅಂಗಡಿ, ಕಾರ್ಖಾನೆ, ಹೋಟೆಲು ಇದ್ದವರೂ ಇದ್ದರು. ನಟರಿಗೆ ಸನ್ಮಾನವಾಯಿತು. ಅವರಲ್ಲಿ ಕೆಲವರಿಗಾದರೂ ಕೆಲಸ ಕೊಟ್ಟಿದ್ದರೆ ಶಾಲು ಹೊದಿಸದಿದ್ದರೂ ನಡೆಯುತ್ತಿತ್ತು.

ಎಲ್ಲರನ್ನೂ ಎಲ್ಲ ಕೆಲಸಕ್ಕೂ ತೆಗೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಮೇಲೆ ಕೈಮಾಡಿದವನಿಗೆ ಶಾಲಾ ವಾಹನದ ಕೀಲಿ ಕೊಡಬಾರದು, ಅದರಲ್ಲಿ ಎರಡು ಮಾತಿಲ್ಲ. ಮಾಲೀಕರು ಕೇಳಬೇಕಾದದ್ದು ಮೂರು: ಏನು ಮಾಡಿದ್ದ, ಯಾವಾಗ ಮಾಡಿದ್ದ, ನಾನು ಕೊಡುವ ಕೆಲಸಕ್ಕೂ ಅದಕ್ಕೂ ಸಂಬಂಧ ಉಂಟೇ. ಹೊಲದ ಗಡಿ ಜಗಳದಲ್ಲಿ ಕೈ ಮುರಿದವನು ಲೇತ್ ಮಷೀನಿನ ಮುಂದೆ ನಿಂತರೆ ಏನು ಅಪಾಯ? ಪಗಾರದಲ್ಲಿ ಮಾತ್ರ ಭೇದ ಮಾಡಬೇಡಿ, ಅರ್ಧ ಕೂಲಿ ಕೊಟ್ಟು ಉಪಕಾರವೆನ್ನಬೇಡಿ.

ಕೆಲಸ ಹುಡುಕುವವರಿಗೆ: ತೀರ್ಪಿನ ದೃಢೀಕೃತ ನಕಲನ್ನು ಕೋರ್ಟಿನಿಂದ ಪಡೆದು ಇಟ್ಟುಕೊಳ್ಳಿ. ಖುಲಾಸೆಯಾಗಿದ್ದರೆ ಅದು ಇನ್ನೂ ಮುಖ್ಯ. ಸಂದರ್ಶನದಲ್ಲಿ ಕೇಳಿದರೆ ಎರಡು ಮಾತಿನಲ್ಲಿ ಮುಗಿಸಿ: ಇಂಥ ಕೇಸಿತ್ತು, ಇಂಥ ವರ್ಷ ಮುಗಿಯಿತು. ನಂತರ ನಿಮಗೆ ಬರುವ ಕೆಲಸದ ಬಗ್ಗೆ ಮಾತಾಡಿ. ಜೈಲಿನೊಳಗೆ ಇಗ್ನೋ ಮೂಲಕ ಓದಿದ್ದರೆ ಆ ಪದವಿಯನ್ನು ಹಿಂಜರಿಯದೆ ಬರೆಯಿರಿ, ಅದು ವಿಶ್ವವಿದ್ಯಾಲಯ ಕೊಟ್ಟದ್ದು.

ಗೋಕುಲ ರಸ್ತೆಯ, ಬೆಳಗಾವಿ ಉದ್ಯಮಬಾಗದ, ಪೀಣ್ಯದ ಮಾಲೀಕರಲ್ಲಿ ನನ್ನದೊಂದು ಕೋರಿಕೆ. ಕೈಕೆಲಸದವರು ಸಿಗುತ್ತಿಲ್ಲವೆಂದು ನೀವು ಹೇಳುವುದನ್ನು ಕೇಳುತ್ತಲೇ ಇರುತ್ತೇನೆ. ಈ ವರ್ಷ ಒಬ್ಬರನ್ನು ತೆಗೆದುಕೊಂಡು ನೋಡಿ, ಉಳಿದವರಿಗೆ ಕೊಡುವ ಪಗಾರವನ್ನೇ ಕೊಟ್ಟು. ಕಾಗದಪತ್ರದ ತೊಡಕೇನಾದರೂ ಇದ್ದರೆ ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರವಿದೆ. ಸಹಾಯವಾಣಿ 15100. ಕರೆಗೆ ಹಣವಿಲ್ಲ, ಅರ್ಹರಿಗೆ ವಕೀಲರ ಶುಲ್ಕವೂ ಇಲ್ಲ.